ಟೇಪ್ ಎದ್ದರೆ ವಿಮಾನ ಬೀಳುತ್ತದೆ

ವಸ್ತುಪ್ರದರ್ಶನಕ್ಕೆಂದು ಸೈನ್ಸ್ ವಿಭಾಗದ ಇಬ್ಬರು ಗೆಳೆಯರು ‘ಪುಷ್ಪಕ್’ ವಿಮಾನದ ಹಾರುವ ಮಾದರಿ ಮಾಡಿದ್ದರು. ಪುಷ್ಪಕ್ ಬೆಂಗಳೂರಿನ ಎಚ್‌ಎಎಲ್ ತಯಾರಿಸಿದ ಎರಡು ಸೀಟಿನ ತರಬೇತಿ ವಿಮಾನ, ಮೊದಲು ಹಾರಿದ್ದು 1958ರಲ್ಲಿ. ಅದರ ರೆಕ್ಕೆಗೆ ತಗಡಲ್ಲ, ಬಟ್ಟೆಯ ಹೊದಿಕೆ. ಬಟ್ಟೆ ಬಿಗಿಯಾಗಲು ಮೇಲೆ ಡೋಪ್ ಎಂಬ ದ್ರವ ಬಳಿಯುತ್ತಿದ್ದರು. ನಮ್ಮದಕ್ಕೆ ಥರ್ಮಾಕೋಲ್ ರೆಕ್ಕೆ, ಅದರ ಮೇಲೆ ಬಣ್ಣದ ಪ್ಯಾಕಿಂಗ್ ಟೇಪ್. ಅರಸೀಕೆರೆಯಲ್ಲಿ ನಮ್ಮ ಮಾಮೂ ಅವರ ರೇಡಿಯಂ ಸ್ಟಿಕ್ಕರ್ ಅಂಗಡಿ ಇದೆ, ರಜೆಯಲ್ಲಿ ನಾನೂ ಅಲ್ಲಿ ಕೂರುತ್ತೇನೆ. ಹಾಗಾಗಿ ಕಾಮರ್ಸ್‌ನವನಾದರೂ ಟೇಪ್ ಹಚ್ಚುವ ಕೆಲಸ ನನಗೇ ಬಂತು.

ಡಿಸೆಂಬರ್ ಚಳಿಯಲ್ಲಿ ಬೆಳಿಗ್ಗೆ ಹಚ್ಚಿ ತಕ್ಷಣ ಮೈದಾನಕ್ಕೆ ಒಯ್ದೆವು. ಎರಡನೇ ಸುತ್ತಿನಲ್ಲಿ ಎಡ ರೆಕ್ಕೆಯ ಮುಂದಿನ ಅಂಚಿನ ಟೇಪ್ ಎದ್ದು ಪಟಪಟ ಬಡಿಯತೊಡಗಿತು. ಆ ಕಡೆ ಗಾಳಿಯ ಹರಿವು ಕೆಟ್ಟು ರೆಕ್ಕೆಗೆ ಎತ್ತುವ ಬಲ ತಪ್ಪಿತು. ವಿಮಾನ ಮಗುಚಿ ಮೂತಿ ಕೆಳಗಾಗಿ ಬಿತ್ತು. ಮೋಟಾರ್ ಹಾಳಾಗಿ 900 ರೂಪಾಯಿ ನಷ್ಟ. ಗೆಳೆಯರು ನನಗೆ ಒಂದು ಮಾತೂ ಅನ್ನಲಿಲ್ಲ. ಅದೇ ಹೆಚ್ಚು ಚುಚ್ಚಿತು.

ಮಾಮೂ ಕಿತ್ತ ಟೇಪನ್ನು ತಿರುಗಿಸಿ ಅಂಟಿನ ಕಡೆ ತೋರಿಸಿದರು. ತುಂಬ ಬಿಳಿ ಪುಡಿ! ರೆಕ್ಕೆಯನ್ನು ಉಪ್ಪುಕಾಗದದಿಂದ ಉಜ್ಜಿದಾಗ ಎದ್ದ ಪುಡಿ ಅದು. ಟೇಪ್ ರೆಕ್ಕೆಗೆ ಅಂಟಿರಲೇ ಇಲ್ಲ, ಪುಡಿಗೆ ಅಂಟಿತ್ತು. ಒಣ ಬಟ್ಟೆಯಿಂದ ಒರೆಸಿದರೆ ಪುಡಿ ಮತ್ತೆ ಅಲ್ಲೇ ಕೂರುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿ ಪೂರ್ತಿ ಒಣಗಿಸಬೇಕು. ಆಟೋ ತಗಡನ್ನು ನಾವು ಥಿನ್ನರ್ ಹಾಕಿ ಒರೆಸುತ್ತೇವೆ, ಆದರೆ ಥರ್ಮಾಕೋಲಿಗೆ ಥಿನ್ನರ್ ಅಥವಾ ಪೆಟ್ರೋಲ್ ತಾಗಿದರೆ ಅದು ಕರಗಿಹೋಗುತ್ತದೆ.

ಇನ್ನು ಟೇಪಿನ ಅಂಟು ಬೆಲ್ಲದ ಪಾಕದ ಹಾಗೆ. ಒತ್ತಿದಾಗ ನಿಧಾನವಾಗಿ ಹರಿದು ಸಣ್ಣ ಸಣ್ಣ ಕುಳಿಗಳಿಗೆ ಇಳಿಯಬೇಕು. ಚಳಿಯಲ್ಲಿ ಅದು ಗಟ್ಟಿ. ಆದ್ದರಿಂದ ಮಧ್ಯಾಹ್ನ ಹಚ್ಚಿ, ಹಳೆಯ ಎಟಿಎಂ ಕಾರ್ಡಿಗೆ ಬಟ್ಟೆ ಸುತ್ತಿ ಒತ್ತಿ ಉಜ್ಜಿ, ಒಂದು ರಾತ್ರಿ ಬಿಡಬೇಕು.

ನನ್ನ ಇನ್ನೊಂದು ತಪ್ಪು, ಸುಕ್ಕು ಬಾರದಿರಲೆಂದು ರೆಕ್ಕೆಯ ತುದಿಯಲ್ಲಿ ಟೇಪನ್ನು ಎಳೆದು ಹಚ್ಚಿದ್ದು. ಎಳೆದ ಪ್ಲಾಸ್ಟಿಕ್ ಹಳೆಯ ಅಳತೆಗೆ ಮರಳಲು ನೋಡುತ್ತದೆ, ಬಿಸಿಲು ಬಿದ್ದರಂತೂ ಬೇಗ. ಬಾಗಿದ ಕಡೆ ಎಳೆಯುವ ಬದಲು ಅಂಚಿಗೆ ಅಲ್ಲಲ್ಲಿ ಕತ್ತರಿ ಹಾಕಿ ಒಂದರ ಮೇಲೊಂದು ಕೂರಿಸಬೇಕು.

ಪಟ್ಟಿಗಳನ್ನು ಯಾವ ಕಡೆಯಿಂದ ಶುರು ಮಾಡಬೇಕು? ಹಿಂದಿನ ಅಂಚಿನಿಂದ. ಮನೆಗೆ ಹೆಂಚು ಹೊದಿಸುವವರು ಕೆಳಗಿನ ಸೂರಿನಿಂದ ಮೇಲಕ್ಕೆ ಹೋಗುತ್ತಾರಲ್ಲ, ಹಾಗೆ. ಆಗ ಮುಂದಿನ ಪಟ್ಟಿ ಹಿಂದಿನದರ ಮೇಲೆ ಬರುತ್ತದೆ, ಗಾಳಿಗೆ ನುಗ್ಗಲು ಸಂದು ಸಿಗುವುದಿಲ್ಲ. ನಾನು ಮುಂದಿನಿಂದ ಶುರು ಮಾಡಿದ್ದೆ! ಕೊನೆಯ ಪಟ್ಟಿ ಮುಂದಿನ ಅಂಚನ್ನು ಸುತ್ತಿಕೊಂಡು ರೆಕ್ಕೆಯ ಕೆಳಗೆ ಮುಗಿಯಬೇಕು.

ಅಲಂಕಾರದ ರೇಡಿಯಂ ಪಟ್ಟಿಗಳ ಚೂಪು ಮೂಲೆಗಳನ್ನು ದುಂಡಗೆ ಕತ್ತರಿಸಿ. ಮೊದಲು ಏಳುವುದು ಮೂಲೆಯೇ. ಬಾಲಕ್ಕೆ ಬಳಸುವ ಸನ್‌ಪ್ಯಾಕ್ ಶೀಟ್ ಪಾಲಿಪ್ರೊಪಿಲೀನ್, ಅದಕ್ಕೆ ಯಾವ ಅಂಟೂ ಸರಿಯಾಗಿ ಹಿಡಿಯದು. ಅಲ್ಲಿ ಟೇಪನ್ನು ಪೂರ್ತಿ ಸುತ್ತಿ, ಅದರ ಮೇಲೆಯೇ ಅದನ್ನು ಅಂಟಿಸುವುದು ಉಪಾಯ.

ಹೊಸ ಮೋಟಾರಿಗೆ ನಾನು 300 ಕೊಟ್ಟೆ, ಉಳಿದದ್ದು ಗೆಳೆಯರದು. ಎರಡನೇ ಪುಷ್ಪಕ್ 6 ನಿಮಿಷ ಹಾರಿ ತೆಂಗಿನ ಮರಕ್ಕೆ ಸಿಕ್ಕಿಕೊಂಡಿತು. ಇಳಿಸಿ ನೋಡಿದರೆ ರೆಕ್ಕೆ ಬಿರುಕು ಬಿಟ್ಟಿತ್ತು, ಟೇಪ್ ಮಾತ್ರ ಎಲ್ಲೂ ಎದ್ದಿರಲಿಲ್ಲ.