ಹತ್ತಿ ಹೊಲ ಹೇಳುವ ಭತ್ತದ ಭವಿಷ್ಯ

ಮುಂಗಾರು ಪೂರ್ವ ಮಳೆ ಹದವಾಗಿ ಬಿದ್ದರೆ ಎಚ್‌.ಡಿ. ಕೋಟೆಯ ರೈತರು ಬಿ.ಟಿ. ಹತ್ತಿ ಬೀಜಕ್ಕೆ ಅಂಗಡಿಗಳತ್ತ ಹೊರಡುತ್ತಾರೆ. ಹುಣಸೂರು, ಪಿರಿಯಾಪಟ್ಟಣಗಳಲ್ಲಿ ತಂಬಾಕು ನಾಟಿಯ ಗಡಿಬಿಡಿ. ಕೆ.ಆರ್‌. ನಗರದ ನಾಲಾ ಬಯಲಿನಲ್ಲಿ ಭತ್ತದ ಸರದಿ ಬರುವುದು ಆಮೇಲೆ. ಹೊಸ ಜೀವತಂತ್ರಜ್ಞಾನ ಈಗ ಆ ಭತ್ತಕ್ಕೇ ಬಂದಿದೆ. ಮುಂದೇನಾಗಬಹುದು ಎಂದು ತಿಳಿಯಲು ಹತ್ತಿಯ ಕಥೆಯನ್ನು ನೋಡಿದರೆ ಸಾಕು.

ಹುಳು ಕೊಲ್ಲುವ ಹೊರಗಿನ ಜೀನ್‌ ಸೇರಿಸಿದ ಬಿ.ಟಿ. ಹತ್ತಿಗೆ ಕೇಂದ್ರ ಒಪ್ಪಿಗೆ ಕೊಟ್ಟಿದ್ದು 2002ರ ಮಾರ್ಚ್‌ನಲ್ಲಿ. ಅದಕ್ಕೂ ಮೊದಲು, 1998ರಲ್ಲೇ, ಪ್ರೊ. ಎಂ.ಡಿ. ನಂಜುಂಡಸ್ವಾಮಿ ನೇತೃತ್ವದ ರೈತ ಸಂಘ ರಾಯಚೂರು, ಬಳ್ಳಾರಿ ಭಾಗದ ಪ್ರಯೋಗದ ಬೆಳೆಗೆ ಬೆಂಕಿ ಇಟ್ಟಿತ್ತು. ಆರಂಭದ ವರ್ಷಗಳಲ್ಲಿ ಹಸಿರು ಕಾಯಿಕೊರಕ ಹತೋಟಿಗೆ ಬಂತು, ಔಷಧಿ ಸಿಂಪಡಣೆಯೂ ಇಳಿಯಿತು. 2006ರಲ್ಲಿ ಎರಡು ಜೀನ್‌ಗಳ ಬೋಲ್‌ಗಾರ್ಡ್‌–2 ಬಂತು. 2010ರ ಹೊತ್ತಿಗೆ ಗುಜರಾತಿನ ಗುಲಾಬಿ ಕಾಯಿಕೊರಕ ಮೊದಲ ಜೀನನ್ನು ಜೀರ್ಣಿಸಿಕೊಂಡಿತ್ತು. ಕೆಲವೇ ವರ್ಷಗಳಲ್ಲಿ ಎರಡನೆಯದನ್ನೂ. ಹಸಿರು ಕಾಯಿ ಸೀಳಿದರೆ ಬೀಜದ ನಡುವೆ ಈ ಹುಳು ಹಾಯಾಗಿ ಕುಳಿತಿರುತ್ತದೆ. ಹೊರಗಿನಿಂದ ಗೊತ್ತಾಗುವುದಿಲ್ಲ, ಸಿಂಪಡಿಸಿದ ಔಷಧಿ ಅಲ್ಲಿಗೆ ಮುಟ್ಟುವುದೂ ಇಲ್ಲ.

ಹುಳು ಒಗ್ಗಿಕೊಳ್ಳುತ್ತದೆಂದು ವಿಜ್ಞಾನಿಗಳಿಗೆ ಮೊದಲೇ ಗೊತ್ತಿತ್ತು. ಅದಕ್ಕೆಂದೇ 450 ಗ್ರಾಂ ಬಿ.ಟಿ. ಬೀಜದ ಜೊತೆ 120 ಗ್ರಾಂ ಸಾಮಾನ್ಯ ಹತ್ತಿ ಬೀಜದ ಪುಟ್ಟ ಪೊಟ್ಟಣ ಇರುತ್ತಿತ್ತು. ಬಿ.ಟಿ.ಗೆ ಒಗ್ಗಿಕೊಳ್ಳದ ಹುಳುಗಳೂ ಉಳಿಯಲೆಂದು ಹೊಲದ ಸುತ್ತ ಅದನ್ನು ಬಿತ್ತಬೇಕಿತ್ತು. ಹೆಚ್ಚಿನವರು ಬಿತ್ತಲಿಲ್ಲ. ಎರಡು ಎಕರೆಯವನು ಹುಳುವಿಗೆಂದು ಜಾಗ ಬಿಡಲಿ ಎಂದು ಬಯಸಿದ ನಿಯಮದಲ್ಲೇ ಕೊರತೆಯಿತ್ತು. ರೈತನನ್ನು ದೂರುವುದು ನ್ಯಾಯವಲ್ಲ. ಮೇಲಾಗಿ ಬಂದದ್ದು ಹೈಬ್ರಿಡ್‌ ಬೀಜ. ಪ್ರತಿ ವರ್ಷ ಕೊಳ್ಳಲೇಬೇಕು.

ಎಡವಿದ್ದು ಜೀನ್‌ಗಿಂತ ಹೆಚ್ಚಾಗಿ ಅದರ ಸುತ್ತಲಿನ ವ್ಯವಸ್ಥೆ. ತಂಬಾಕಿನ ಕಡೆಯಿಂದಲೂ ಇಂಥದ್ದೇ ಪಾಠವಿದೆ: ತಂಬಾಕಿನ ನಂಟಿನ ಗಿಡವೊಂದರಲ್ಲಿ ತಯಾರಾದ ಕೋವಿಡ್‌ ಲಸಿಕೆಗೆ 2022ರಲ್ಲಿ ಕೆನಡಾ ಒಪ್ಪಿಗೆ ಕೊಟ್ಟಿತು. ಆದರೆ ತಯಾರಕ ಮೆಡಿಕಾಗೊ ಕಂಪನಿಯಲ್ಲಿ ಸಿಗರೇಟು ಸಂಸ್ಥೆಯ ಪಾಲಿದ್ದುದರಿಂದ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಒಪ್ಪಲಿಲ್ಲ. ಮರುವರ್ಷ ಕಂಪನಿಯನ್ನೇ ಮುಚ್ಚುವ ತೀರ್ಮಾನವಾಯಿತು. ತಂಬಾಕು ಹದಮಾಡುವ ಬ್ಯಾರನ್‌ಗಳ ಊರು ಹುಣಸೂರಿಗೆ ಪರ್ಯಾಯದ ಮಾತಾಡುವವರು ಇದನ್ನು ಮರೆಯಬಾರದು.

2025ರ ಮೇ 4ರಂದು ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ಎರಡು ಜೀನ್‌ ತಿದ್ದುಪಡಿ ಭತ್ತದ ತಳಿಗಳು ಹೊರಬಂದವು: ಸಾಂಬ ಮಸೂರಿಯಿಂದ ‘ಕಮಲಾ’, ಎಂಟಿಯು–1010ರಿಂದ ‘ಪೂಸಾ ಡಿಎಸ್‌ಟಿ ರೈಸ್‌–1’. ಇವುಗಳಲ್ಲಿ ಹೊರಗಿನ ಜೀನ್‌ ಇಲ್ಲ, ಗಿಡದ ಸ್ವಂತ ಜೀನನ್ನೇ ತಿದ್ದಲಾಗಿದೆ. ಕಮಲಾ ಸುಮಾರು 20 ದಿನ ಮೊದಲೇ ಕೊಯ್ಲಿಗೆ ಬರುತ್ತದೆ ಎನ್ನುತ್ತದೆ ಪರಿಷತ್ತು. ನಾಲೆಯ ತುದಿಯ ಗದ್ದೆಯವರಿಗೆ ಇಷ್ಟು ದಿನದ ನೀರು ಉಳಿದರೆ ಅದು ದೊಡ್ಡ ಮಾತು. ಹೈಬ್ರಿಡ್‌ ಅಲ್ಲದ ಕಾರಣ ಮನೆಯಲ್ಲೇ ಬೀಜ ಮಾಡಿಟ್ಟುಕೊಳ್ಳಬಹುದು. ಹತ್ತಿಯ ಹಾದಿಗಿಂತ ಭತ್ತದ ಹಾದಿ ಬೇರೆಯಾಗುವುದು ಇಲ್ಲಿಯೇ.

ಆದರೆ ಜೀನ್‌ ತಿದ್ದುವ ಉಪಕರಣದ ಪೇಟೆಂಟುಗಳು ವಿದೇಶಿ ಸಂಸ್ಥೆಗಳ ಕೈಯಲ್ಲಿವೆ. ಅದನ್ನು ಬಳಸುವ ಪರವಾನಗಿಯ ಷರತ್ತುಗಳನ್ನು, ಪ್ರಯೋಗದ ಇಳುವರಿಯ ವಿವರಗಳನ್ನು ಬೀಜ ಕೆ.ಆರ್‌. ನಗರ ತಲುಪುವ ಮೊದಲೇ ರೈತ ಸಂಪರ್ಕ ಕೇಂದ್ರಗಳಲ್ಲಿ ಕನ್ನಡದಲ್ಲಿ ಇಡಬೇಕು.