ಪ್ರವಾಸದ ಫೋಟೋ: ಗುಂಪಿಗೆ ಸೇರಿದ್ದು, ಊರಿಗಲ್ಲ

ಗಾದಿಗನೂರಿನ ಸುತ್ತಮುತ್ತ ನೋಡುವ ತಾಣಗಳಿಗೆ ಬರವಿಲ್ಲ. ಹೊಸಪೇಟೆ ದಾಟಿದರೆ ತುಂಗಭದ್ರಾ ಅಣೆಕಟ್ಟು, ಉತ್ತರಕ್ಕೆ ಹಂಪಿ ಮತ್ತು ಕಂಪ್ಲಿ, ದಕ್ಷಿಣಕ್ಕೆ ಸಂಡೂರಿನ ಬೆಟ್ಟಗಳು. ಗೆಳತಿಯರು, ನೆರೆಹೊರೆಯವರು ಮಕ್ಕಳೊಂದಿಗೆ ಒಂದು ವ್ಯಾನ್ ಮಾಡಿಕೊಂಡು ಹೊರಟರೆ ಸಂಜೆಯೊಳಗೆ ಹತ್ತು ಮೊಬೈಲುಗಳಲ್ಲಿ ನೂರಾರು ಫೋಟೋಗಳು ತುಂಬಿರುತ್ತವೆ. ಮರುದಿನ ಅವೆಲ್ಲವೂ ವಾಟ್ಸಪ್ ಗುಂಪಿಗೆ ಬಂದು ಬೀಳುತ್ತವೆ. ತಿಂಗಳು ಕಳೆದ ಮೇಲೆ ಯಾವುದು ಎಲ್ಲಿಯದೆಂದು ಯಾರಿಗೂ ನೆನಪಿರುವುದಿಲ್ಲ.

ಸ್ಥಳ ಮತ್ತು ದಿನ ಬರೆದಿಟ್ಟ ಫೋಟೋಗೆ ಎಷ್ಟು ಬೆಲೆ ಎಂಬುದಕ್ಕೆ ಹಂಪಿಯೇ ಸಾಕ್ಷಿ. 1856ರಲ್ಲಿ ಬ್ರಿಟಿಷ್ ಸೇನಾಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ ಮೇಣ ಸವರಿದ ಕಾಗದದ ನೆಗೆಟಿವ್‌ಗಳಲ್ಲಿ ಹಂಪಿಯನ್ನು ಸೆರೆಹಿಡಿದರು. 1983ರಲ್ಲಿ ಆಸ್ಟ್ರೇಲಿಯಾದ ಜಾನ್ ಗಾಲಿಂಗ್ಸ್ ಅವೇ ಜಾಗಗಳಲ್ಲಿ ನಿಂತು ಮತ್ತೆ ಚಿತ್ರ ತೆಗೆದರು. ಕಲ್ಲಿನ ರಥದ ಮೇಲೆ ಹಿಂದೆ ಇಟ್ಟಿಗೆಯ ಗೋಪುರವಿತ್ತೆಂದು ಇಂದು ನಮಗೆ ಕಾಣಿಸುವುದು ಆ ಹಳೆಯ ಚಿತ್ರದಿಂದಲೇ.

ಇನ್ನೊಂದು ಉದಾಹರಣೆ ನೋಡಿ. ಎರಡನೇ ದೇವರಾಯನ ಅಧಿಕಾರಿಯಾಗಿದ್ದ ಅಹ್ಮದ್ ಖಾನ್ 1439ರಲ್ಲಿ ಕಟ್ಟಿಸಿದ ಮಸೀದಿ ಹಂಪಿಯಲ್ಲಿದೆ. ಶಾಸನ ಅದನ್ನು ಧರ್ಮಸಾಲೆ ಎನ್ನುತ್ತದೆ. ಗುಮ್ಮಟವಿಲ್ಲ, ಮಿನಾರಗಳಿಲ್ಲ, ಕಂಬಗಳ ಸಾದಾ ಮಂಟಪದಂತೆಯೇ ಇದೆ. ಫೋಟೋದ ಕೆಳಗೆ ಒಂದು ಸಾಲು ಬರೆಯದಿದ್ದರೆ ನಾಳೆ ನಿಮ್ಮ ಮಕ್ಕಳು ಅದನ್ನು ಯಾವುದೋ ಮಂಟಪವೆಂದುಕೊಂಡು ಮುಂದೆ ಸಾಗುತ್ತಾರೆ.

ಹಾಗಾದರೆ ಮಾಡಬೇಕಾದ್ದೇನು? ಗುಂಪಿನಲ್ಲಿ ಒಬ್ಬರು ಜವಾಬ್ದಾರಿ ಹೊರಲಿ. ಗೂಗಲ್ ಫೋಟೋಸ್‌ನಂಥ ಕಡೆ ಒಂದು ಆಲ್ಬಮ್ ತೆರೆದು ಎಲ್ಲರೂ ತಮ್ಮ ಫೋಟೋಗಳನ್ನು ಅದಕ್ಕೇ ಸೇರಿಸಲಿ. ಒಂದೇ ದೃಶ್ಯದ ಹತ್ತರಲ್ಲಿ ಎರಡು ಉಳಿದರೆ ಸಾಕು. ಹಂಪಿ, ಅಣೆಕಟ್ಟು, ಸಂಡೂರು ಎಂದು ಬೇರೆ ಬೇರೆಯಾಗಿಟ್ಟು ದಿನಾಂಕ ಬರೆಯಿರಿ. ವಾಟ್ಸಪ್‌ನಲ್ಲಿ ಮಾಮೂಲಿನಂತೆ ಕಳಿಸಿದ ಫೋಟೋ ಕುಗ್ಗಿ ಸ್ಪಷ್ಟತೆ ಕಳೆದುಕೊಳ್ಳುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಮೂಲದಂತೆಯೇ ತಲುಪುತ್ತದೆ.

ಇಷ್ಟಕ್ಕೇ ಕೆಲಸ ಮುಗಿಯಲಿಲ್ಲ. ಆಲ್ಬಮ್‌ನ ಲಿಂಕ್ ಯಾರ ಕೈಗೆ ಸಿಕ್ಕಿತೋ ಅವರೆಲ್ಲ ನೋಡುವಂತಿದ್ದರೆ ಅದು ಬಾಗಿಲಿಲ್ಲದ ಮನೆ. ಲಿಂಕ್ ಹಂಚಿಕೆಯನ್ನು ನಿಲ್ಲಿಸಿ, ಪ್ರವಾಸಕ್ಕೆ ಬಂದವರನ್ನು ಮಾತ್ರ ಸೇರಿಸಿ. ಫೋಟೋದೊಳಗೆ ಅಡಗಿರುವ ಸ್ಥಳದ ಮಾಹಿತಿಯನ್ನೂ ಮರೆಮಾಡಿ.

ಈ ಎಚ್ಚರ ಏಕೆಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. 2021ರ ಜುಲೈಯಲ್ಲಿ 'ಸುಲ್ಲಿ ಡೀಲ್ಸ್', 2022ರ ಜನವರಿಯಲ್ಲಿ 'ಬುಲ್ಲಿ ಬಾಯಿ' ಎಂಬ ಆ್ಯಪ್‌ಗಳಲ್ಲಿ ಮುಸ್ಲಿಮ್ ಮಹಿಳೆಯರ ಫೋಟೋಗಳನ್ನು ಅವರ ಒಪ್ಪಿಗೆಯಿಲ್ಲದೆ ಹಾಕಿ ಹರಾಜಿನ ನಾಟಕವಾಡಲಾಯಿತು. ಪತ್ರಕರ್ತೆಯರು, ವಿದ್ಯಾರ್ಥಿನಿಯರು ಇದರಿಂದ ನೊಂದರು. ಬಳಿಕ ಬಂಧನಗಳೂ ನಡೆದವು. ತಪ್ಪು ಕದ್ದವರದೇ ಹೊರತು ಫೋಟೋದಲ್ಲಿದ್ದವರದಲ್ಲ. ಆದ್ದರಿಂದ ಹೆಣ್ಣುಮಕ್ಕಳು ಪ್ರವಾಸವನ್ನೇ ಬಿಡಲಿ, ಫೋಟೋವನ್ನೇ ಬಿಡಲಿ ಎನ್ನುವುದು ಪರಿಹಾರವಲ್ಲ. ಬಿಡಬೇಕಾದದ್ದು ಕೇಳದೆ ಹಂಚುವ ಅಭ್ಯಾಸವನ್ನು.

ಗುಂಪಿನ ಫೋಟೋ ಒಂದು ಅಮಾನತ್. ಕ್ಯಾಮೆರಾ ನಿಮ್ಮದಾದರೂ ಮುಖ ಇನ್ನೊಬ್ಬರದು. ತಲೆಯ ಮೇಲಿನ ಬಟ್ಟೆ ಗಾಳಿಗೆ ಸರಿದಾಗ ತೆಗೆದದ್ದು, ಮಗು ನೀರಲ್ಲಿ ಆಡುವಾಗ ತೆಗೆದದ್ದು ಸ್ಟೇಟಸ್‌ಗೆ ಏರುವ ಮೊದಲು ಒಂದು ಮಾತು ಕೇಳಿ. ಒಬ್ಬಳು ಬೇಡವೆಂದರೆ ಕಾರಣ ಕೇಳದೆ ಅಳಿಸಿಬಿಡಿ. ಗಂಡಂದಿರು, ಅಣ್ಣತಮ್ಮಂದಿರು ಆ ಫೋಟೋಗಳನ್ನು ಬೇರೆ ಗುಂಪುಗಳಿಗೆ ಕಳಿಸದಂತೆಯೂ ಹೇಳಿಡಿ. ಆದರೂ ಯಾರಾದರೂ ದುರುಪಯೋಗ ಮಾಡಿದರೆ ಹೆದರಿ ಮೌನವಾಗಬೇಡಿ. ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಾಗಲೀ ಹತ್ತಿರದ ಪೊಲೀಸ್ ಠಾಣೆಯಲ್ಲಾಗಲೀ ದೂರು ಕೊಡಿ.

ಕೊನೆಯದಾಗಿ, ಎಲ್ಲವನ್ನೂ ಇಂಟರ್‌ನೆಟ್ಟಿಗೇ ಒಪ್ಪಿಸಿ ನಿಶ್ಚಿಂತರಾಗಬೇಡಿ. ಒಂದು ಕಾಲದಲ್ಲಿ ಎಲ್ಲರ ಬಾಯಲ್ಲಿದ್ದ ಆರ್ಕುಟ್ 2014ರಲ್ಲಿ ಮುಚ್ಚಿತು, ಪಿಕಾಸಾ 2016ರಲ್ಲಿ ನಿಂತಿತು. ಗೂಗಲ್ ಫೋಟೋಸ್‌ನ ಮಿತಿಯಿಲ್ಲದ ಉಚಿತ ಸಂಗ್ರಹವೂ 2021ರ ಜೂನ್‌ನಲ್ಲಿ ಕೊನೆಯಾಯಿತು. ಆಯ್ದ ಫೋಟೋಗಳನ್ನು ಪೆನ್‌ಡ್ರೈವಿಗೆ ಹಾಕಿಡಿ. ಇಪ್ಪತ್ತನ್ನಾದರೂ ಹೊಸಪೇಟೆಯ ಯಾವುದಾದರೂ ಸ್ಟುಡಿಯೋದಲ್ಲಿ ಪ್ರಿಂಟ್ ಹಾಕಿಸಿ, ಹಿಂದೆ ಹೆಸರು, ಊರು, ತಾರೀಖು ಬರೆಯಿರಿ. ಮೊಬೈಲ್ ಬಳಸಲು ಬಾರದ ಅಜ್ಜಿಯೂ ಅದನ್ನು ಕೈಯಲ್ಲಿ ಹಿಡಿದು ನೋಡಬಲ್ಲರು.