ಬ್ರಹ್ಮಾವರದಿಂದ ಬೈಂದೂರಿಗೆ: ಒಂದು ದಿನದ ಪ್ರವಾಸದ ಲೆಕ್ಕ

ಕಳೆದ ಡಿಸೆಂಬರ್‌ನಲ್ಲಿ ನಾವು ಆರು ಮಂದಿ ಗೆಳೆಯರು ಬ್ರಹ್ಮಾವರದಿಂದ ಬೈಂದೂರಿಗೆ ಹೋಗಿ ಬರುವುದೆಂದು ಮಾತಾಡಿಕೊಂಡೆವು. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಬ್ರಹ್ಮಾವರದಿಂದ ಕುಂದಾಪುರಕ್ಕೆ ಸುಮಾರು 23 ಕಿ.ಮೀ., ಅಲ್ಲಿಂದ ಬೈಂದೂರಿಗೆ ಸುಮಾರು 32 ಕಿ.ಮೀ. "ಇಷ್ಟೇ ಅಲ್ವಾ ಮಾರಾಯ, ಮೂರು ಬೈಕ್ ಸಾಕು" ಎಂದ ಒಬ್ಬ.

ನಾನು ಅಣ್ಣನ ಬೈಕ್ ಕೇಳಿದೆ. ಅವನು ಕೇಳಿದ್ದು ಒಂದೇ ಪ್ರಶ್ನೆ: "ನಿಮ್ಮಲ್ಲಿ ಲೈಸೆನ್ಸ್ ಯಾರ ಹತ್ರ ಉಂಟು?" ಯಾರ ಹತ್ತಿರವೂ ಇರಲಿಲ್ಲ. ನಮಗಿನ್ನೂ 17 ವರ್ಷ. ಗೇರ್ ಇರುವ ಬೈಕ್ ಓಡಿಸಲು 18 ತುಂಬಿರಬೇಕು. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ ಪ್ರಕಾರ ಅಪ್ರಾಪ್ತರು ವಾಹನ ಓಡಿಸಿ ಸಿಕ್ಕಿಬಿದ್ದರೆ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ವಾಹನದ ನೋಂದಣಿ 12 ತಿಂಗಳು ರದ್ದು. ಓಡಿಸಿದವನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ. ಒಂದು ದಿನದ ಖುಷಿಗೆ ಅಣ್ಣನನ್ನು ಜೈಲಿಗೆ ಕಳಿಸುವುದೇ? ಬಸ್ಸಿನಲ್ಲೇ ಹೋಗುವುದೆಂದು ತೀರ್ಮಾನವಾಯಿತು.

ಬಸ್ಸಿನ ಪ್ರವಾಸಕ್ಕೆ ಕಿಲೋಮೀಟರಿಗಿಂತ ಸಮಯದ ಲೆಕ್ಕ ಮುಖ್ಯ. ನಾವು ಹಿಂದಿನಿಂದ ಲೆಕ್ಕ ಹಾಕಿದೆವು. ರಾತ್ರಿ ಎಂಟಕ್ಕೆ ಮನೆಯಲ್ಲಿರಬೇಕು. ಡಿಸೆಂಬರ್‌ನಲ್ಲಿ ಆರು ಗಂಟೆ ದಾಟುತ್ತಲೇ ಸೂರ್ಯ ಮುಳುಗುತ್ತಾನೆ. ಬೈಂದೂರಿನಲ್ಲಿ ಸೂರ್ಯಾಸ್ತ ನೋಡಿದರೆ ಕತ್ತಲಲ್ಲಿ 55 ಕಿ.ಮೀ. ವಾಪಸ್ ಬರಬೇಕು, ಕುಂದಾಪುರದಲ್ಲಿ ಬಸ್ ಬದಲಿಸಲೂಬೇಕು. ಆದ್ದರಿಂದ ದೂರದ ಊರು ಮೊದಲು, ಸೂರ್ಯಾಸ್ತ ಕುಂದಾಪುರದ ಕೋಡಿಯಲ್ಲಿ ಎಂದು ಬರೆದುಕೊಂಡೆವು.

ಮರವಂತೆಯನ್ನು ಹೋಗುವಾಗಲೇ ನೋಡಬೇಕೋ, ಬರುವಾಗಲೋ ಎಂಬ ಪ್ರಶ್ನೆಯೂ ಬಂತು. ಅಲ್ಲಿ ಹೆದ್ದಾರಿಯ ಪಡುಬದಿಗೆ ಅರಬ್ಬೀ ಸಮುದ್ರ, ಮೂಡುಬದಿಗೆ ಸೌಪರ್ಣಿಕಾ ನದಿ. ಸಮುದ್ರದ ಹತ್ತಿರವೇ ಬಂದ ನದಿ ಅಲ್ಲಿ ಸೇರದೆ ತಿರುಗಿ ದಕ್ಷಿಣಕ್ಕೆ ಗಂಗೊಳ್ಳಿಯತ್ತ ಹೋಗುತ್ತದೆ. ನಮ್ಮಲ್ಲಿ ವಾಹನಗಳು ಎಡಬದಿಯಲ್ಲಿ ಸಾಗುವುದರಿಂದ ಉತ್ತರಕ್ಕೆ ಹೋಗುವ ಬಸ್ ಸಮುದ್ರದ ಬದಿಗೇ ನಿಲ್ಲುತ್ತದೆ. ದಕ್ಷಿಣಕ್ಕೆ ಬರುವ ಬಸ್ ನದಿಯ ಬದಿಗೆ. ಹೋಗುವಾಗ ಇಳಿದರೆ ಸಮುದ್ರ ನೋಡಿ, ಅದೇ ಬದಿಯಲ್ಲಿ ಮುಂದಿನ ಬಸ್ ಹತ್ತಬಹುದು. ಬರುವಾಗ ಇಳಿದರೆ ಚತುಷ್ಪಥ ಹೆದ್ದಾರಿಯನ್ನು ಎರಡು ಸಲ ದಾಟಬೇಕು. ಹೋಗುವಾಗಲೇ ಇಳಿದೆವು.

ಬೈಂದೂರಿನಲ್ಲಿ ಝುಹರ್ ನಮಾಝ್, ಊಟ, ಆಮೇಲೆ ಸೋಮೇಶ್ವರ ಕಡಲತೀರ. ಮೂರೂವರೆಗೆ ವಾಪಸ್ ಬಸ್. ಕೋಡಿಗೆ ತಲುಪಿದಾಗ ಬೆಳಕಿತ್ತು, ಸೂರ್ಯಾಸ್ತ ಪೂರ್ತಿ ಸಿಕ್ಕಿತು.

ನೀವೂ ಹೊರಡುವುದಾದರೆ ಕೆಲವು ಮಾತು. ಈ ದಾರಿಯಲ್ಲಿ ಹೆಚ್ಚಿನವು ಖಾಸಗಿ ಬಸ್ಸುಗಳು. ಶಕ್ತಿ ಯೋಜನೆಯ ಉಚಿತ ಪ್ರಯಾಣ ಅವುಗಳಲ್ಲಿ ಇಲ್ಲ, ಆದ್ದರಿಂದ ವಿದ್ಯಾರ್ಥಿನಿಯರೂ ಟಿಕೆಟಿನ ಹಣ ಇಟ್ಟುಕೊಳ್ಳಬೇಕು. ಕೊನೆಯ ಬಸ್ಸಿನ ಸಮಯವನ್ನು ಕಂಡಕ್ಟರ್ ಬಳಿ ಬೆಳಿಗ್ಗೆಯೇ ಕೇಳಿಕೊಳ್ಳಿ. ಸಮುದ್ರಕ್ಕೆ ಇಳಿಯಬೇಡಿ, ಮಳೆಗಾಲದಲ್ಲಂತೂ ದಡದಿಂದಲೇ ದೂರವಿರಿ. ಎಲ್ಲಿಗೆ, ಎಷ್ಟು ಹೊತ್ತಿಗೆ ಎಂದು ಬರೆದ ಚೀಟಿಯ ಒಂದು ಪ್ರತಿ ಮನೆಯಲ್ಲಿರಲಿ. ನಾನು ಹಾಗೆ ಚೀಟಿ ಇಟ್ಟು ಹೋಗಿದ್ದೆ. ಆ ದಿನ ಮನೆಯಿಂದ ಒಂದು ಫೋನ್ ಸಹ ಬರಲಿಲ್ಲ.